ಬುಧವಾರದ ಕೈ

ಏರೂರು, ಮೂರನೇ ಸಾಲುಮನೆ
ಇಸವಿ ೨೨೧೪, ಹದಿಮೂರನೇ ತಿಂಗಳು, ಆರನೇ ದಿನ

ಹಿಂದಿನ ಕಾಲದಲ್ಲಿ ಕುಳಿತು ಪಟ್ಟಿ ಕಟ್ಟುತ್ತಿರುವವರಿಗೆ ಬಚ್ಚನ ನಮಸ್ಕಾರಗಳು.

ಮೊನ್ನೆ ಮಧ್ಯಾಹ್ನ ಊಟ ಮಾಡಿ ಒರಗಿದ್ದಾಗ ಕೆಟ್ಟ ಕನಸೊಂದು ಬಿತ್ತು. ನಮ್ಮ ಅಬ್ಬಿ, ಎಂದರೆ ನನ್ನ ತಾಯಿ, ಒಂದು ರಾಶಿ ಸಿಗಡಿ ಮುಂದಿಟ್ಟುಕೊಂಡು ಸುಲಿಯುತ್ತಿದ್ದಳು. ಸುಲಿದ ಒಂದೊಂದು ಸಿಪ್ಪೆಯ ಮೇಲೂ ಗಂಟೆ, ನಿಮಿಷ, ತಾರೀಕು ಬರೆದಿತ್ತು. ಒಂದು ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟು, "ಬಚ್ಚಾ, ಇದ್ ಎಷ್ಟ್ ಹೊತ್ತಿಂದ್ ಅಂದೇಳಿ ಓದ್ ಕಾಂಬ" ಎಂದಳು. ನಾನು ಓದಲು ಹೋದರೆ ಅಕ್ಷರಗಳು ಸರಿದು ಸರಿದು ಹೋಗುತ್ತಿದ್ದವು. ನಾನು ಓದುವುದರೊಳಗೆ ಅವಳು ಇನ್ನೊಂದು ಕೊಟ್ಟಳು, ಮತ್ತೊಂದು ಕೊಟ್ಟಳು. ಅಂದಿನಿಂದ ಊಟ ಸೇರುತ್ತಿಲ್ಲ. ಅದಕ್ಕೇ ಈ ವರ್ಷ ಬರೆದುಬಿಡಬೇಕು ಎಂದು ಕುಳಿತಿದ್ದೇನೆ.

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಬೇಕು. ಹದಿಮೂರನೇ ತಿಂಗಳು ಎಂದರೆ ಏನು ಎಂದು ನೀವು ಕೇಳಬಹುದು. ಮಳೆಗಾಲ ಹಳೆಯ ಪಂಚಾಂಗಕ್ಕೆ ಹೊಂದದೆ ಹೋದ ಮೇಲೆ, ವರ್ಷದ ಕೊನೆಗೆ ಇಪ್ಪತ್ತು ದಿನಗಳ ಒಂದು ತಿಂಗಳನ್ನು ಸೇರಿಸಿದರು. ಬಾಕಿ ತಿಂಗಳು ಎನ್ನುತ್ತಾರೆ. ಅರ್ಧಕ್ಕೆ ನಿಂತ ಕೆಲಸ ಮುಗಿಸುವುದಕ್ಕೆ, ಮುರಿದುಹೋದ ಮಾತು ಕೂಡಿಸುವುದಕ್ಕೆ ಆ ದಿನಗಳು. ದೊಡ್ಡವರಾದ ಪ್ರತಿಯೊಬ್ಬರಿಗೂ ಆ ತಿಂಗಳಲ್ಲಿ ಒಂದು ಹಿಂದೋಲೆ ಬರೆಯುವ ಹಕ್ಕಿದೆ. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಕಾಗದ. ಸಾಲುಮನೆಯ ಪೆಟ್ಟಿಗೆಗೆ ಹಾಕುತ್ತೇವೆ, ಅದು ನಿಮಗೆ ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾನು ಇದುವರೆಗೆ ಒಂದೂ ಬರೆದಿಲ್ಲ. ತಪ್ಪು ಬರೆದರೆ ಎಂಬ ಹೆದರಿಕೆ. ನನ್ನ ಓದು ತುಂಡು ತುಂಡು. ನಾಲ್ಕನೇ ಇಯತ್ತೆಯಲ್ಲಿ ಶಾಲೆ ಮುಳುಗಿತು, ಆಮೇಲೆ ದೋಣಿಶಾಲೆಯಲ್ಲಿ ಎರಡು ತಿಂಗಳು, ಆಮೇಲೆ ಡೇರೆಯಲ್ಲಿ ಮೂರು ವಾರ. ಆ ಮೂರು ವಾರದಲ್ಲಿ ಯಂತ್ರದ ಮುಂದೆ ಕೂರಿಸಿ ಒಂದೇ ಒಂದು ಪಾಠ ಬಾಯಿಪಾಠ ಮಾಡಿಸಿದರು. ತೆರೆದದ್ದನ್ನು ಉಳಿಸಬೇಕು, ಉಳಿಸದಿದ್ದರೆ ಇದ್ದದ್ದೂ ಹೋಗುತ್ತದೆ. ನನಗೆ ನೆನಪಿರುವುದು ಅದೊಂದೇ, ಅದನ್ನು ಮರೆತಿದ್ದರೆ ಚೆನ್ನಾಗಿತ್ತು.

ನೀವು ಡೇಟಾಬೇಸ್ ಎನ್ನುತ್ತಿದ್ದಿರಂತಲ್ಲ, ಅದನ್ನು ನಾವು ದೊಡ್ಡಪಟ್ಟಿ ಎನ್ನುತ್ತೇವೆ. ಹುಟ್ಟಿದ ಪ್ರತಿ ಮನುಷ್ಯನಿಗೂ ಅದರಲ್ಲಿ ಒಂದು ಸಾಲು. ಆ ಸಾಲುಗಳನ್ನು ನೋಡಿಕೊಳ್ಳುವ ಕಚೇರಿಯೇ ಸಾಲುಮನೆ. ಸಾಲಿನ ತುದಿಯಲ್ಲಿ ಎರಡು ಹೊತ್ತು. ಮೊದಲ ಹೊತ್ತು ಎಂದರೆ ಆ ಸಾಲು ಹುಟ್ಟಿದ ಗಳಿಗೆ, ಕಡೆಯ ಹೊತ್ತು ಎಂದರೆ ಅದನ್ನು ಕೊನೆಯ ಸಲ ಯಾರಾದರೂ ಮುಟ್ಟಿದ ಗಳಿಗೆ. ಎರಡನ್ನೂ ಯಾರೂ ಕೈಯಿಂದ ಬರೆಯುವುದಿಲ್ಲ. ಬರೆಯುವವರು ಮರೆಯಬಹುದು, ಸುಳ್ಳನ್ನೂ ಬರೆಯಬಹುದು ಎಂದು ನಿಮ್ಮ ಕಾಲದವರೇ ಆ ಕೆಲಸವನ್ನು ಮನುಷ್ಯರಿಂದ ತೆಗೆದು ಪಟ್ಟಿಗೇ ಒಪ್ಪಿಸಿದರಂತೆ. ಆಮೇಲೆ ಅದನ್ನು ಯಾರೂ ಬದಲಾಯಿಸಿಲ್ಲ. ಇನ್ನೂರು ವರ್ಷದಿಂದ ಅದೇ ಪಟ್ಟಿಯ ಮೇಲೆ ಊರುಗಳು, ಊಟ, ನೀರು, ಮದುವೆ ಎಲ್ಲವೂ ನಿಂತಿರುವುದರಿಂದ, ತಳದ ಕಲ್ಲು ಅಲುಗಿಸಲು ಎಲ್ಲರಿಗೂ ಭಯ. ನಾವು ಎಲ್ಲಿ ಊಟಕ್ಕೆ ನಿಂತರೂ, ಎಲ್ಲಿ ದೋಣಿ ಹತ್ತಿದರೂ ಅಲ್ಲೊಂದು ಕೈಗಲ್ಲು ಇರುತ್ತದೆ. ಅದರ ಮೇಲೆ ಅಂಗೈ ಇಟ್ಟರೆ ನಮ್ಮ ಸಾಲಿನ ಕಡೆಯ ಹೊತ್ತು ತಾನಾಗಿ ಸರಿಯುತ್ತದೆ. ಬದುಕಿರುವವರ ಹೊತ್ತು ದಿನಕ್ಕೆ ಮೂರು ನಾಲ್ಕು ಸಲ ಸರಿಯುತ್ತಿರುತ್ತದೆ. ಹೊತ್ತು ಸರಿದಿದೆ ಎಂದರೆ ಮನುಷ್ಯ ಇದ್ದಾನೆ ಎಂದೇ ನಮ್ಮ ಲೆಕ್ಕ. ಮೂರು ಮಳೆಗಾಲ ಸರಿಯದೆ ನಿಂತ ಸಾಲನ್ನು ಮಲಗಿಸುತ್ತಾರೆ. ಆಗ ಮನೆಯವರು ಅತ್ತು, ಮಾಡಬೇಕಾದ್ದನ್ನು ಮಾಡಿ, ಮುಂದಕ್ಕೆ ಹೋಗುತ್ತಾರೆ. ಸಾಲು ಎದ್ದಿರುವವರೆಗೆ ಅವರಿಗಾಗಿ ಕಾಯುವ ಹಕ್ಕು ಮನೆಯವರಿಗೆ ಇರುತ್ತದೆ. ಕಾಯುವವರನ್ನು ಅವರು ಕಾಯುತ್ತಿರುವ ಜಾಗದಿಂದ ಎಬ್ಬಿಸುವ ಹಾಗಿಲ್ಲ. ಇದು ಒಳ್ಳೆಯ ಕಾನೂನು ಎಂದೇ ನಾನು ನಂಬಿದ್ದೆ.

ನನ್ನ ಅಕ್ಕನ ಹೆಸರು ಶೇಸಿ. ನನಗಿಂತ ಆರು ವರ್ಷ ದೊಡ್ಡವಳು. ನಾವು ಹೊಳೆಬಾಯಿಯವರು. ಕಡಲು ಒಳಗೆ ಬರಬಾರದೆಂದು ಕಟ್ಟಿದ ಒಡ್ಡಿನ ಮೇಲೆ ಕಲ್ಲು ಜೋಡಿಸುವ ಕೆಲಸಕ್ಕೆ ಅವಳು ಹೋಗುತ್ತಿದ್ದಳು. ಏಳು ವರ್ಷದ ಹಿಂದೆ, ಮಳೆ ಹಿಡಿದ ಮೊದಲ ವಾರದಲ್ಲಿ, ಹನ್ನೊಂದು ಜನರನ್ನು ಒಡ್ಡಿಗೆ ಕರೆದುಕೊಂಡು ಹೋದ ದೋಣಿ ತಿರುಗಿ ಬರಲಿಲ್ಲ. ಏಳು ಜನ ಸಿಕ್ಕರು, ಹೇಗೆ ಸಿಕ್ಕರು ಎಂದು ಬರೆಯುವುದಿಲ್ಲ. ನಾಲ್ಕು ಜನ ಸಿಗಲಿಲ್ಲ. ಶೇಸಿ ಆ ನಾಲ್ವರಲ್ಲಿ ಒಬ್ಬಳು. ಆ ವರ್ಷವೇ ಹೊಳೆಬಾಯಿಯನ್ನು ಖಾಲಿ ಮಾಡಿಸಿ ನಮ್ಮೆಲ್ಲರನ್ನೂ ಘಟ್ಟದ ಆಚೆ ಬಯಲಿನಲ್ಲಿ ಹೊಸದಾಗಿ ಕಟ್ಟಿದ ಏರೂರಿಗೆ ಹತ್ತಿಸಿದರು. ಸಿಗದ ನಾಲ್ವರ ಮನೆಯವರು ಮಾತ್ರ ಕೆಳಗೇ ಉಳಿದರು. ಹಳೆಯ ಐಸ್ ಫ್ಯಾಕ್ಟರಿಯ ಮಹಡಿಯಲ್ಲಿ ನಾಲ್ಕು ಸಂಸಾರ, ನಡುವೆ ಬಲೆಯ ಪರದೆ. ಅಬ್ಬಿ ಅಲ್ಲೇ ನಿಂತಳು. ಯಾರಾದರೂ ಒಬ್ಬರು ದುಡಿಯಲೇಬೇಕು ಎಂದು ನನ್ನನ್ನು ಮೇಲಕ್ಕೆ ಕಳಿಸಿದಳು.

ಏರೂರಿನ ಬದುಕು ನಿಮಗೆ ತಿಳಿಯಬೇಕಲ್ಲ, ಸ್ವಲ್ಪ ಹೇಳುತ್ತೇನೆ. ಇಲ್ಲಿನ ಮನೆಗಳು ಒತ್ತಿದ ಹುಲ್ಲಿನ ಹಲಗೆಯವು. ಗಾಳಿ ಬೀಸಿದರೆ ಗೋಡೆ ಉಸಿರಾಡಿದ ಹಾಗೆ ಸದ್ದಾಗುತ್ತದೆ. ಬೆಳಿಗ್ಗೆ ಪಾಚಿಹಿಟ್ಟಿನ ರೊಟ್ಟಿ, ಹಸಿರಾಗಿರುತ್ತದೆ, ಬಿಸಿ ಇದ್ದರೆ ತಿನ್ನಬಹುದು. ಒಣಮೀನು ಸುಡಲು ಸಾಮೂಹಿಕ ಅಡುಗೆಮನೆಯಲ್ಲಿ ಬಿಡುವುದಿಲ್ಲ, ವಾಸನೆ ಎಂದು ಈ ಕಡೆಯವರು ಮೂಗು ಮುಚ್ಚುತ್ತಾರೆ. ಹಾಗಾಗಿ ನಾವು ಕರಾವಳಿಯವರು ನೀರಿನ ತೊಟ್ಟಿಯ ಹಿಂದೆ ಹೋಗಿ ಸುಟ್ಟು ತಿನ್ನುತ್ತೇವೆ. ನಾನು ನೀರಿನ ಜರಡಿ ತೊಳೆಯುವ ಕೆಲಸದಲ್ಲಿದ್ದೇನೆ. ಆರು ದಿನ ಮೊಣಕಾಲುದ್ದ ಕೆಸರು. ವಾರಕ್ಕೊಂದು ರಜೆ, ಬುಧವಾರ.

ಕಾಣೆಯಾದವರ ಸಾಲಿನಲ್ಲಿ ಗುರುತು ಬರೆಯುವ ಹಕ್ಕು ಮನೆಯವರೊಬ್ಬರಿಗೆ ಕೊಡುತ್ತಾರೆ. ನಮ್ಮ ಮನೆಯಿಂದ ನಾನು. ನೆನಪು ತಪ್ಪಿದವರು, ಜ್ವರದವರು, ಮಾತು ನಿಂತವರು ದೂರದ ಡೇರೆಗಳಲ್ಲಿ ಎಷ್ಟೋ ಜನ ಇರುತ್ತಾರೆ. ಗುರುತು ಹೊಂದಿದರೆ ಮನೆಗೆ ಕಳಿಸುತ್ತಾರೆ. ನಾನು ಬರೆದೆ: ಬಲಗಿವಿಯ ಹಿಂದೆ ಮಚ್ಚೆ, ಮುಂಬಲ್ಲು ಒಂದು ಮುರಿದಿದೆ, ಎಡಗೈ ಮಣಿಕಟ್ಟಿನಲ್ಲಿ ಎಣ್ಣೆ ಸುಟ್ಟ ಕಲೆ. ಬರೆದು ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಎಡಗೈಯೋ, ಬಲಗೈಯೋ? ಅವಳು ನನ್ನ ಎದುರು ನಿಂತು ಬಡಿಸುತ್ತಿದ್ದಾಗ ನನಗೆ ಎಡಕ್ಕೆ ಕಾಣುತ್ತಿತ್ತು, ಹಾಗಾದರೆ ಅವಳಿಗೆ ಅದು ಬಲಗೈ ಅಲ್ಲವೇ? ಮುಂದಿನ ಬುಧವಾರ ಹೋಗಿ ಬಲಗೈ ಎಂದು ತಿದ್ದಿದೆ. ಅದರ ಮುಂದಿನ ಬುಧವಾರ ಮತ್ತೆ ಎಡಗೈ. ಕೊನೆಗೆ ಅಬ್ಬಿಗೆ ಹೇಳಿಕಳಿಸಿ ಕೇಳಿದೆ, ಬಲಗೈ ಎಂದಳು, ಹಾಗೇ ಬರೆದೆ. ಆದರೂ ಒಂದು ವಾರ ಕಳೆಯುವುದರೊಳಗೆ ಅನುಮಾನ. ಬರೆದದ್ದು ಅಳಿಸಿಹೋಗಿದ್ದರೆ? ಬೇರೆ ಯಾರದೋ ಸಾಲಿನಲ್ಲಿ ಬರೆದಿದ್ದರೆ? ಹೋಗುವುದು, ಅಕ್ಕನ ಸಾಲು ತೆರೆಯುವುದು, ಎಲ್ಲ ಸರಿಯಿದೆ ಎಂದು ನೋಡುವುದು, ಪಾಠ ಹೇಳಿಕೊಟ್ಟ ಹಾಗೆ "ಉಳಿಸು" ಒತ್ತುವುದು, ಬರುವುದು. ಸಾಲುಮನೆ ನೋಡಿಕೊಳ್ಳುವ ಬಸಲಿಂಗವ್ವ ಈ ಬಯಲಿನವರು. ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಶುರು ಮಾಡುತ್ತಿದ್ದರು. "ಮತ್ತ ಬಂದಿಯೇನಪಾ ಬಚ್ಚಾ? ನಿಮ್ಮಕ್ಕನ ಮಚ್ಚಿ ಒಂದು ವಾರದಾಗ ಎಡಗಿವಿಗೆ ನಡಕೊಂಡು ಹೋಗಂಗಿಲ್ಲೋ!" ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಆದರೂ ನೋಡಿಯೇ ಬರುತ್ತಿದ್ದೆ.

ಗುರುತು ಬರೆಯುವವರ ಪರದೆಯಲ್ಲಿ ಎರಡು ಹೊತ್ತುಗಳು ಕಾಣುವುದಿಲ್ಲ. ಅವು ಕಾಣುವುದು ಸಾಲುಮನೆಯವರ ಪರದೆಯಲ್ಲಿ, ಮತ್ತು ಕಾಯುವವರು ಇರುವ ಕಡೆ ತೂಗುಹಾಕಿದ ಗೋಡೆಪಟ್ಟಿಯಲ್ಲಿ. ಗೋಡೆಪಟ್ಟಿಯಲ್ಲಿ ಹೆಸರು ಮತ್ತು ಕಡೆಯ ಹೊತ್ತು, ಅಷ್ಟೇ.

ವರ್ಷಕ್ಕೊಮ್ಮೆ ಕೆಳಗೆ ಹೋಗಲು ಬಿಡುತ್ತಾರೆ. ಎರಡನೇ ವರ್ಷ ನಾನು ಹೋದಾಗ ಅಬ್ಬಿ ನನ್ನ ಚೀಲವನ್ನೂ ಇಳಿಸಲು ಬಿಡದೆ ಕೈಹಿಡಿದು ಗೋಡೆಪಟ್ಟಿಯ ಮುಂದೆ ನಿಲ್ಲಿಸಿದಳು. ಮೂವರ ಹೆಸರಿನ ಮುಂದೆ ದೋಣಿ ಹೋದ ತಿಂಗಳದ್ದೇ ಹೊತ್ತು. ಶೇಸಿಯ ಹೆಸರಿನ ಮುಂದೆ ನಾಲ್ಕು ದಿನದ ಹಿಂದಿನದು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ನಾನು ಇನ್ನೊಮ್ಮೆ ಓದಿದೆ. "ಕಾಣ್" ಎಂದಳು ಅಬ್ಬಿ. "ಹೋದ್ ಬುಧವಾರವೂ ಸರದಿತ್ತ್, ಅದ್ರ ಹಿಂದಿನ್ ಬುಧವಾರವೂ. ಎಲ್ಲೋ ಕೆಲ್ಸ ಸಿಕ್ಕಿತ್ತ್ ಅವ್ಳಿಗೆ. ಬುಧವಾರ ರಜೆ ಇತ್ತ್ ಕಾಣತ್ತ್." ನಾನು ಕಣ್ಣೊರೆಸಿಕೊಳ್ಳುತ್ತಾ, "ನಂಗೂ ಬುಧವಾರವೇ ರಜೆ ಅಬ್ಬಿ" ಎಂದೆ. ಅವಳು ನನ್ನ ಬೆನ್ನಿಗೊಂದು ಗುದ್ದಿ, "ಅಕ್ಕ ತಮ್ಮ ಅಲ್ದಾ ಮತ್ತೆ!" ಎಂದು ನಕ್ಕಳು. ಪರದೆಯ ಆಚೆಯಿಂದ ಗುಲಾಬಿ, ಅವಳ ಗಂಡನೂ ಆ ದೋಣಿಯಲ್ಲಿದ್ದವನು, ಕೂಗಿ ಹೇಳಿದಳು. "ಹ್ವಾಯ್ ಚಿಕ್ಕಕ್ಕ, ನಿನ್ ಮಗ್ಳ್ ಯಾರನ್ನೋ ಕಟ್ಕಂಡ್ ಸುಖವಾಗಿ ಇದ್ಲ್, ನೀ ಇಲ್ಲ್ ಉಪ್ಪ್ ನೀರ್ ಕುಡೀತಾ ಕೂತಿದ್ದೆ!" ಅಬ್ಬಿ ಸೋಲಲಿಲ್ಲ. "ಕಟ್ಕಣ್ಲಿ. ಅಳಿಯ ಬಂದ್ರೆ ಮೀನ್ ಸಾರ್ ನಾ ಮಾಡ್ತೆ."

ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನೆಲ್ಲಿದ್ದೆ ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಾಗಿತ್ತು. ಯೋಚಿಸಲಿಲ್ಲ. ಎಲ್ಲದಕ್ಕೂ ಅನುಮಾನಪಡುವವನು ನಾನು, ಬೀಗ ಹಾಕಿದ ಮೇಲೆ ನಾಲ್ಕು ಸಲ ಎಳೆದು ನೋಡುವವನು, ಅದೊಂದಕ್ಕೆ ಅನುಮಾನಪಡಲಿಲ್ಲ. ಅಕ್ಕ ಬದುಕಿದ್ದಾಳೆ ಎಂದರೆ ಗುರುತು ಇನ್ನೂ ಸರಿಯಾಗಿರಬೇಕು ಎಂದುಕೊಂಡು, ಮೇಲೆ ಬಂದವನು ನಡೆಯಲಾಗುತ್ತಿದ್ದ ಒಂದು ಬುಧವಾರವನ್ನೂ ತಪ್ಪಿಸಲಿಲ್ಲ.

ಮೂರನೇ ಮಳೆಗಾಲ ಮುಗಿದಾಗ ಉಳಿದ ಮೂರು ಸಾಲುಗಳನ್ನು ಮಲಗಿಸಿದರು. ಗುಲಾಬಿ ಎರಡು ದಿನ ಅತ್ತು, ಬಳೆ ತೆಗೆದಿಟ್ಟು, ಗಂಟುಕಟ್ಟಿ ಏರೂರಿಗೆ ಬಂದಳು. ಈಗ ಜರಡಿಯ ಕೆಲಸದಲ್ಲಿ ನನ್ನ ಜೊತೆಗೇ ಇದ್ದಾಳೆ. ಮತ್ತೆ ಮದುವೆಯಾಗಿದ್ದಾಳೆ, ಒಂದು ಹೆಣ್ಣುಮಗುವೂ ಇದೆ. ಅಬ್ಬಿಯನ್ನು ಕರೆತರಲು ನಾನು ಮತ್ತೆ ಇಳಿದು ಹೋದೆ. ಐಸ್ ಫ್ಯಾಕ್ಟರಿಯ ಕೆಳಮಹಡಿಗೆ ಆಗಲೇ ಭರತ ಏರಿದಾಗ ಕಡಲ ನೀರು ಬರುತ್ತಿತ್ತು. ಮೆಟ್ಟಿಲ ಮೇಲೆ ಚಿಪ್ಪು ಬೆಳೆದಿತ್ತು. "ನಾ ಬತ್ತಿಲ್ಲೆ ಮಗಾ" ಎಂದಳು. "ಅವ್ಳ್ ಬಂದಾಗ ಇಲ್ಲ್ ಯಾರಿದ್ರ್? ಈ ಗೋಡೆ ಹತ್ರ ಕೇಂಬುದಾ ಅವ್ಳ್, ಅಬ್ಬಿ ಎಲ್ಲಿ ಅಂತ?" ಜೊತೆಗೆ ಬಂದಿದ್ದ ಅಧಿಕಾರಿ ಗೋಡೆಪಟ್ಟಿ ನೋಡಿ, ಸಾಲು ಎದ್ದಿದೆ, ಇರುವ ಹಕ್ಕಿದೆ, ಎಂದು ಹೇಳಿ ದೋಣಿ ಹತ್ತಿದರು. ನನಗೂ ಅದು ನ್ಯಾಯವೇ ಎನ್ನಿಸಿತು. ಇನ್ನೂ ಮೂರು ಮಳೆಗಾಲ ಅವಳು ಒಬ್ಬಳೇ ಅಲ್ಲಿದ್ದಳು. ಮೂರನೆಯದರಲ್ಲಿ, ಎಂದರೆ ದೋಣಿ ಹೋದ ಆರನೇ ಮಳೆಗಾಲದಲ್ಲಿ, ಒಡ್ಡು ಪೂರ್ತಿ ಒಡೆಯಿತು. ದೋಣಿಯವರು ಅವಳನ್ನೂ ಅವಳ ತಗಡಿನ ಪೆಟ್ಟಿಗೆಯನ್ನೂ ಒಟ್ಟಿಗೇ ತಂದರು.

ಮಣ್ಣು ಮಾಡಿದ ಹದಿಮೂರನೇ ದಿನ ಅಬ್ಬಿಯ ಸಾಲು ಮಲಗಿಸಲು ಸಾಲುಮನೆಗೆ ಹೋದೆ. ದೇಹ ಸಿಕ್ಕವರಿಗೆ ಮೂರು ಮಳೆಗಾಲ ಕಾಯಬೇಕಿಲ್ಲ. ಅಕ್ಕ ಎಲ್ಲೋ ಇದ್ದಾಳಲ್ಲ, ಅವಳಿಗೆ ತಿಳಿಸಬೇಕು, ದಾರಿ ಹುಡುಕಿಕೊಡಿ ಎಂದು ಬಸಲಿಂಗವ್ವನನ್ನು ಬೇಡಿಕೊಂಡೆ. ಅವರು ತಮ್ಮ ಪರದೆಯಲ್ಲಿ ಶೇಸಿಯ ಸಾಲು ತೆರೆದರು. ನಾನು ಪಕ್ಕದ ಪರದೆಯಲ್ಲಿ ಅಭ್ಯಾಸದಂತೆ ಅದನ್ನೇ ತೆರೆದು, ಮಚ್ಚೆ, ಹಲ್ಲು, ಬಲಗೈ ಎಂದು ನೋಡಿ, ಉಳಿಸು ಒತ್ತಿದೆ. ಬಸಲಿಂಗವ್ವ ತಮ್ಮ ಪರದೆಯ ಕಡೆ ಬಗ್ಗಿದರು.

"ಈಗ ನೀ ಏನ್ ಮಾಡಿದಿ?"

"ಏನೂ ಮಾಡ್ಲಿಲ್ಲ ಅಕ್ಕೋರೆ. ಸರಿ ಇತ್ತಾ ಅಂತ ಕಂಡೆ."

"ಕಂಡು?"

"ಉಳಿಸು ಒತ್ತಿದೆ."

"ಇನ್ನೊಮ್ಮೆ ಒತ್ತು."

ಒತ್ತಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏ ತಮ್ಮಾ, ಆರು ವರ್ಷ ನಿನ್ನ ನೋಡಿ ನಕ್ಕೆ. ಒಮ್ಮೆನೂ ಈ ಕಡೆ ತಿರುಗಿ ನೋಡ್ಲಿಲ್ಲಲ್ಲೋ ನಾ" ಎಂದರು. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಡೆಯ ಹೊತ್ತು, ಅದೇ ನಿಮಿಷದ್ದು. ಕೈಗಲ್ಲಿನ ಮೇಲೆ ಇಟ್ಟ ಅಂಗೈಯೂ ಗುರುತು ನೋಡಿ ಒತ್ತಿದ ಬೆರಳೂ ಪಟ್ಟಿಗೆ ಒಂದೇ. ಮುಟ್ಟಿದ ಗಳಿಗೆಯನ್ನು ಅದು ತಪ್ಪದೆ ಬರೆಯುತ್ತದೆ, ಒಂದು ನಿಮಿಷವೂ ಹೆಚ್ಚುಕಮ್ಮಿ ಇಲ್ಲ. ಕೈ ಯಾರದು ಎಂದು ಬರೆಯಲು ಸಾಲಿನಲ್ಲಿ ಜಾಗವೇ ಇಲ್ಲ. ಅಬ್ಬಿ ಆರು ವರ್ಷ ಕಾದಿದ್ದು ನನ್ನ ಬೆರಳಿಗೆ.

ಇಲ್ಲಿಗೇ ಮುಗಿದಿದ್ದರೆ ನಾನು ನಿಮ್ಮನ್ನು ತೊಂದರೆಪಡಿಸುತ್ತಿರಲಿಲ್ಲ. ತಪ್ಪು ನನ್ನದು ಎಂದು ಒಪ್ಪಿಕೊಂಡು, ಅಕ್ಕನಿಗೂ ಮಾಡಬೇಕಾದ್ದನ್ನು ಮಾಡಿ ಮುಗಿಸುತ್ತಿದ್ದೆ. ಆದರೆ ಆ ತಗಡಿನ ಪೆಟ್ಟಿಗೆ ತೆರೆದಾಗ ಅದರಲ್ಲಿ ಆರು ವರ್ಷದ ಕ್ಯಾಲೆಂಡರುಗಳಿದ್ದವು. ಗೋಡೆಪಟ್ಟಿಯಲ್ಲಿ ಹೊತ್ತು ಸರಿದ ದಿನಗಳಿಗೆಲ್ಲ ಅಬ್ಬಿ ಅರಿಶಿನದಲ್ಲಿ ಬೊಟ್ಟಿಟ್ಟಿದ್ದಳು. ಎಲ್ಲ ಬುಧವಾರಗಳೇ. ನಾನು ಒಂದೊಂದನ್ನೇ ಬೆರಳಿಟ್ಟು ನೋಡುತ್ತಾ ಹೋದೆ. ನಾಲ್ಕನೇ ವರ್ಷದ ಎಂಟನೇ ತಿಂಗಳಲ್ಲಿ ಒಂದು ಬೊಟ್ಟು ಭಾನುವಾರದ ಮೇಲಿತ್ತು.

ಭಾನುವಾರ ಏರೂರಿನ ಸಾಲುಮನೆಗಳು ಮುಚ್ಚಿರುತ್ತವೆ. ಆ ವಾರ ನಾನು ಜರಡಿಯಲ್ಲಿ ಕಾಲುಜಾರಿ ಬಿದ್ದು ಆಸ್ಪತ್ರೆಯಲ್ಲಿ ಮಲಗಿದ್ದೆ, ಆಸ್ಪತ್ರೆಯವರು ಕೊಟ್ಟ ಚೀಟಿ ಇನ್ನೂ ಇದೆ, ತಾರೀಕು ಹೊಂದಿಸಿ ನೋಡಿದ್ದೇನೆ. ಬಸಲಿಂಗವ್ವ ಸಮಾಧಾನಕ್ಕೆ ಹೇಳಿದರು, ಕೆಲವೊಮ್ಮೆ ರಜೆಯ ದಿನ ಎದ್ದಿರುವ ಸಾಲುಗಳನ್ನೆಲ್ಲ ಮೇಲಿನವರು ಒಟ್ಟಿಗೇ ಸರಿಪಡಿಸುವುದುಂಟು, ಆಗ ಎಲ್ಲರ ಹೊತ್ತೂ ಒಮ್ಮೆಲೇ ಸರಿಯುತ್ತದೆ ಎಂದು. ಇರಬಹುದು. ಬೇರೆಯವರ ಸಾಲು ನೋಡಿ ತಿಳಿಯೋಣವೆಂದರೆ, ಬದುಕಿರುವವರ ಹೊತ್ತು ದಿನವೂ ಸರಿಯುತ್ತದಲ್ಲ, ಆ ಭಾನುವಾರ ಯಾರ ಸಾಲಿನಲ್ಲೂ ಉಳಿದಿಲ್ಲ. ಶೇಸಿಯ ಸಾಲಿನಲ್ಲಿ ಅದು ಹತ್ತು ದಿನ ಇತ್ತು. ಎರಡನೇ ಬುಧವಾರ ನಾನು ಕೋಲೂರಿಕೊಂಡು ಸಾಲುಮನೆಗೆ ಹೋದೆ. ಗುರುತು ನೋಡಿದೆ. ಉಳಿಸಿದೆ. ಪಟ್ಟಿ ಕಡೆಯದನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಅದರ ಹಿಂದಿನದನ್ನು ಇಟ್ಟುಕೊಳ್ಳುವುದಿಲ್ಲ.

ಯಾವುದೋ ಡೇರೆಯಲ್ಲಿ, ಒಂದು ಭಾನುವಾರ, ನನ್ನ ಅಕ್ಕ ಒಂದೇ ಒಂದು ಸಲ ಕಲ್ಲಿನ ಮೇಲೆ ಕೈ ಇಟ್ಟಿದ್ದಳೇ? ಇಟ್ಟಿದ್ದರೆ ಅದರ ಮೇಲೆ ನಾನೇ ನನ್ನ ಬೆರಳನ್ನು ಇಟ್ಟು ಅಳಿಸಿದೆನೇ? ಎರಡು ವರ್ಷದಿಂದ ಇದೊಂದೇ ತಲೆಯಲ್ಲಿ. ಜರಡಿ ತೊಳೆಯುವಾಗಲೂ ಅದೇ.

ಅವಳ ಮೊದಲ ಹೊತ್ತು ಮಾತ್ರ ಹಾಗೇ ಇದೆ. ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಯಂತ್ರ ಹತ್ತು ನಿಮಿಷ ತಡಮಾಡಿ ಬರೆಯಿತು, ನನ್ನ ಮಗಳು ಅದಕ್ಕೂ ಮೊದಲೇ ಅತ್ತಿದ್ದಳು ಎಂದು ಅಬ್ಬಿ ಜಗಳ ತೆಗೆಯುತ್ತಿದ್ದಳು. ಅದನ್ನು ನೋಡಬೇಕೆನಿಸಿದಾಗ ಬಸಲಿಂಗವ್ವ ಅವರ ಪರದೆಯಲ್ಲಿ ತೋರಿಸುತ್ತಾರೆ. ನನ್ನ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಲು ಹೇಳುತ್ತಾರೆ, ತಮಾಷೆಗೆ ಹೇಳಿದರೂ ನಾನು ಹಾಗೇ ನಿಲ್ಲುತ್ತೇನೆ. ಆ ದಿನದಿಂದ ನಾನು ಸಾಲನ್ನು ಮುಟ್ಟಿಲ್ಲ. ಎರಡು ಮಳೆಗಾಲ ಕಳೆದವು, ಹೊತ್ತು ಸರಿದಿಲ್ಲ. ಇನ್ನೊಂದು ಬಂದು ಹೋದರೆ ಶೇಸಿಯನ್ನು ಮಲಗಿಸುತ್ತಾರೆ. ಒಂದು ಸಲ ಒತ್ತಿದರೆ ಮತ್ತೆ ಮೂರು ಮಳೆಗಾಲ ಎದ್ದಿರುತ್ತಾಳೆ. ಒತ್ತಿದರೆ ಸುಳ್ಳು, ಒತ್ತದಿದ್ದರೆ ಕೈಬಿಟ್ಟ ಹಾಗೆ. ಒತ್ತುವುದಿಲ್ಲ ಎಂದು ಗುಲಾಬಿಯ ಮಗುವಿನ ತಲೆ ಮುಟ್ಟಿ ಹೇಳಿದ್ದೇನೆ. ಬುಧವಾರ ಬಂದರೆ ಮಾತ್ರ ಕಾಲು ಆ ಕಡೆಗೇ ಎಳೆಯುತ್ತದೆ.

ಪಟ್ಟಿ ಕಟ್ಟುವವರೇ, ನಾನು ನಿಮ್ಮನ್ನು ಬೈಯಲು ಬರೆದಿಲ್ಲ. ಗಳಿಗೆಗಳನ್ನು ತಾನಾಗಿ ಬರೆದಿಡಬೇಕು ಎಂದು ನೀವು ಯೋಚಿಸಿದ್ದು ಒಳ್ಳೆಯದಕ್ಕೇ ಇರಬೇಕು. ನೀವು ಬರೆಯುತ್ತಿರುವುದು ಯಾವುದೋ ಅಂಗಡಿಯ ಸಾಮಾನಿನ ಪಟ್ಟಿ ಇರಬಹುದು, ಶಾಲೆಯ ಹಾಜರಿ ಇರಬಹುದು. ಅದರ ಮುಂದೆ ಒಬ್ಬ ತಾಯಿ ಕುಳಿತು ಓದುತ್ತಾಳೆ ಎಂದು ನಿಮಗೆ ಹೇಗೆ ತಿಳಿಯಬೇಕು? ನನ್ನ ಲೆಕ್ಕದಲ್ಲಿ ನೀವು ಆ ಕೆಲಸವನ್ನು ಇನ್ನೂ ಮುಗಿಸಿಲ್ಲ. ಮನೆಗೆ ಹೋಗುವ ಮುಂಚೆ, ದಯವಿಟ್ಟು, ಕಡೆಯ ಹೊತ್ತಿನ ಪಕ್ಕದಲ್ಲಿ ಕೈ ಯಾರದು ಎಂದು ಬರೆಯಲು ಜಾಗ ಬಿಟ್ಟಿದ್ದೀರೋ ಇಲ್ಲವೋ, ಅದೊಂದನ್ನು ಇನ್ನೊಮ್ಮೆ ನೋಡಿ.